ಬೇರೆ ಏನಾದರೂ ಸಹಾಯ ಬೇಕೇ?

"ಮೇಡಂ, ದಯವಿಟ್ಟು ರೂಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ."

"ಮಾಡಿ ಆಯ್ತು."

"ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ ಮೇಡಂ. ಈಗ ಇನ್ನೊಮ್ಮೆ ಆಫ್ ಮಾಡಿ."

ಸೊಸೆಗೆ ಮೈಯೆಲ್ಲ ಉರಿಯಿತು. ಆದರೆ ಬೈಯುವ ಹಾಗಿರಲಿಲ್ಲ. ಕಸ್ಟಮರ್ ಕೇರ್ ಹುಡುಗಿ ಆ ಕಡೆಯಿಂದ ಓದಿ ಹೇಳುತ್ತಿದ್ದ ಒಂದೊಂದು ವಾಕ್ಯವೂ ಇವಳೇ ಬರೆದದ್ದು. ಗಿರಾಕಿಗಳ ಜೊತೆ ಏನು ಮಾತಾಡಬೇಕೆಂದು ಈ ಇಂಟರ್ನೆಟ್ ಕಂಪನಿಗೆ ಬರೆದುಕೊಡುವುದೇ ಇವಳ ಕೆಲಸ, ಅದೂ ತಾತ್ಕಾಲಿಕ. 'ಗಿರಾಕಿ ಮಾಡಿ ಆಯ್ತು ಅಂದರೆ ನಂಬಬೇಡಿ, ಅರ್ಥವಾಗುತ್ತದೆ ಎನ್ನಿ, ಮತ್ತೆ ಮಾಡಿಸಿ' ಎಂದು ಇದೇ ಮೇಜಿನ ಮುಂದೆ ಕೂತು, ಒಂದೊಂದು ಪದವನ್ನೂ ತೂಗಿ ಬರೆದಿದ್ದಳು. ಮನೆಯ ನೆಟ್ಟೂ ಅದೇ ಕಂಪನಿಯದು. ಕೆಲಸದವರಿಗೆ ಬಿಟ್ಟಿ ಕೊಡುತ್ತಾರೆ, ಬಿಟ್ಟಿಗೆ ತಕ್ಕ ಹಾಗೆ ಓಡುತ್ತದೆ.

ಹನ್ನೆರಡಕ್ಕೆ ವಿಡಿಯೋ ಮೀಟಿಂಗು, ಗಂಟೆ ಆಗಲೇ ಹನ್ನೆರಡು ದಾಟಿತ್ತು. ಇವಳನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ಅಲ್ಲಿ ತೀರ್ಮಾನ. ಇವಳಾಗಲೇ ಮನೆಯಲ್ಲೇ ಇದ್ದುದರಿಂದ ಎರಡನೆಯದು ಅವರಿಗೆ ಬಲು ಸುಲಭ. ಮೊಬೈಲಿಗೆ ಮಾತಾಡುವಷ್ಟು ಸಿಗ್ನಲ್ ಇತ್ತು, ಮುಖ ತೋರಿಸುವಷ್ಟು ಇರಲಿಲ್ಲ. ಸಾಹೇಬರಿಗೆ ಫೋನು ಮಾಡಿ ನೆಟ್ ಹೋಗಿದೆ ಅನ್ನೋಣವೆಂದರೆ, ನಮ್ಮ ನೆಟ್ ಹೋಗುವುದೇ ಇಲ್ಲ ಎಂಬುದೇ ಆ ಮೀಟಿಂಗಿನ ವಿಷಯ. ರೂಟರಿನ ಕೆಂಪು ದೀಪ ಹಲ್ಲು ಕಿರಿಯುತ್ತಲೇ ಇತ್ತು.

ಅತ್ತೆ ಸೋಫಾದ ಮೇಲೆ ಒಗೆದ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಯಾರಿಗೂ ತೊಂದರೆ ಕೊಡಬಾರದು ಎಂಬುದು ಅವರ ಹಟ. ಕಾಲು ಮುರಿದು ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ, ಏನಾದರೂ ಬೇಕೇ ಎಂದ ನರ್ಸಿಗೆ "ಏನೂ ಬೇಡಮ್ಮ, ನೀನು ಕೇಳಿದ್ದೇ ಸಾಕು" ಎಂದು, ಅವಳು ಆಚೆ ಹೋದ ಮೇಲೆ ನರಳಿದವರು.

"ಪಾಪ, ಆ ಮಗು ಎಷ್ಟು ನಯವಾಗಿ ಮಾತಾಡ್ತಿದೆ. ನೀನ್ಯಾಕೆ ಹಾಗೆ ಸಿಡಿಸಿಡಿ ಅಂತೀಯ?" ಎಂದರು.

"ಆ ನಯ ನಂದೇ ಅತ್ತೆ. ನಾನೇ ಬರೆದುಕೊಟ್ಟಿದ್ದು."

"ಹೌದಾ? ಎಲ್ಲಾನೂ ಕೊಟ್ಬಿಡಬೇಡ. ಮನೆಗೂ ಸ್ವಲ್ಪ ಇಟ್ಕೋ."

ಅಷ್ಟರಲ್ಲಿ ಹುಡುಗಿ, "ನಿಮ್ಮ ದೂರು ದಾಖಲಾಗಿದೆ ಮೇಡಂ. ಬೇರೆ ಏನಾದರೂ ಸಹಾಯ ಬೇಕೇ?" ಎಂದಳು.

ಸೊಸೆ ನೆಟ್ಟಗೆ ಕೂತಳು. ಬೋನು ಇದೇ. ಈ ಕೊನೆಯ ಪ್ರಶ್ನೆಗೆ ಗಿರಾಕಿ 'ಬೇಡ' ಅಂದರೆ ಸಾಕು, ದೂರು ಬಗೆಹರಿದ ಲೆಕ್ಕಕ್ಕೆ ಸೇರಿಬಿಡುತ್ತದೆ. ಆಮೇಲೆ ರಿಪೇರಿಗೆ ನರಪಿಳ್ಳೆಯೂ ಬರುವುದಿಲ್ಲ. ಮರ್ಯಾದಸ್ಥರು ಯಾರೇ ಆದರೂ ಅದಕ್ಕೆ 'ಬೇಡ' ಎಂದೇ ಅನ್ನುತ್ತಾರೆ. ಈ ಉಪಾಯಕ್ಕಾಗಿ ಸಾಹೇಬರು ಇವಳನ್ನು ಬಾಯ್ತುಂಬ ಹೊಗಳಿದ್ದರು. ಅತ್ತೆಯನ್ನು ನೋಡಿ ಹೊಳೆದದ್ದು ಎಂದು ಇವಳು ಹೇಳಲು ಹೋಗಿರಲಿಲ್ಲ.

"ಬೇಕು. ನೆಟ್ ಬರಬೇಕು," ಎಂದಳು.

"ಖಂಡಿತ ಮೇಡಂ. ದಯವಿಟ್ಟು ರೂಟರ್ ಒಮ್ಮೆ ಆಫ್ ಮಾಡಿ..."

"ಅಲ್ಲಮ್ಮ, ಮತ್ತೆ ಮೊದಲಿಂದಾನಾ?"

ಹುಡುಗಿ ದನಿ ತಗ್ಗಿಸಿದಳು. "ಇಲ್ಲಿ ಬರೆದಿರೋದು ಬಿಟ್ಟು ಒಂದು ಮಾತು ಆಡಿದ್ರೂ ನಮ್ಮ ಸಂಬಳ ಹಿಡೀತಾರೆ ಮೇಡಂ. ಇದನ್ನ ಯಾವ ಪುಣ್ಯಾತ್ಮರು ಬರೆದ್ರೋ, ಅವರ ಮನೇಲಿ ಒಂದಿನ ನೆಟ್ ಹೋಗ್ಬೇಕು."

"ಹೋಗಿದೆ," ಎಂದಳು ಸೊಸೆ.

ಹುಡುಗಿಗೆ ಅರ್ಥವಾಗಲಿಲ್ಲ. "ಹಾಗಾದರೆ ದಯವಿಟ್ಟು ರೂಟರಿನ ಹಿಂದಿನ ವೈರ್ ತೆಗೆದು ಮತ್ತೆ ಹಾಕಿ ಮೇಡಂ," ಎಂದು ಮುಂದಿನ ಸಾಲಿಗೆ ಹೋದಳು.

ವೈರು ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿತ್ತು. "ಇದನ್ನ ಒಂಚೂರು ಹಿಡ್ಕೊಳ್ಳಿ ಅತ್ತೆ. ಏನೇ ಕೇಳಿದ್ರೂ ಮಾತಾಡ್ಬೇಡಿ," ಎಂದು ಫೋನನ್ನು ಅವರ ಕೈಗಿತ್ತು ಸೊಸೆ ಮಂಡಿಯೂರಿ ಒಳಗೆ ತೂರಿದಳು. ಧೂಳಿಗೆ ಸೀನು ಬಂತು. ವೈರು ಕಿತ್ತು ಹಾಕುವಷ್ಟರಲ್ಲಿ ಮೇಲಿನಿಂದ ಅತ್ತೆಯ ದನಿ ಕೇಳಿಸಿತು.

"ಏನೂ ಬೇಡಮ್ಮ, ನೀನು ಕೇಳಿದ್ದೇ ಸಾಕು. ಊಟ ಆಯ್ತಾ ನಿಂದು?"

ಸೊಸೆ ದಡಕ್ಕನೆ ಎದ್ದಳು. ಮೇಜು ತಲೆಗೆ ಬಡಿಯಿತು. ಈಚೆ ಬರುವ ಹೊತ್ತಿಗೆ ಫೋನು ಕಟ್ಟಾಗಿ, ಮೆಸೇಜೂ ಬಂದಿತ್ತು: 'ನಿಮ್ಮ ಸಮಸ್ಯೆ ಬಗೆಹರಿದಿದೆ. ಸಂತೋಷವಾಗಿದ್ದರೆ ಐದು ಸ್ಟಾರ್ ಕೊಡಿ.' ಕೆಂಪು ದೀಪ ಇದ್ದ ಹಾಗೇ ಇತ್ತು.

"ಅಷ್ಟು ಪ್ರೀತಿಯಿಂದ ಕೇಳಿದ್ಲು, ಸುಮ್ನಿರೋಕಾಗುತ್ತಾ?" ಎಂದು ಅತ್ತೆ ಮತ್ತೆ ಬಟ್ಟೆಗೆ ಕೈ ಹಾಕಿದರು.

ತಲೆ ಉಜ್ಜಿಕೊಳ್ಳುತ್ತಿದ್ದಾಗಲೇ ಸಾಹೇಬರ ಫೋನು. "ಎಲ್ಲಿದೀರಮ್ಮ? ಮೀಟಿಂಗ್ ಮುಗೀತಾ ಬಂತು! ಇರ್ಲಿ ಬಿಡಿ, ನೀವು ಬರದಿದ್ರೂ ನಿಮ್ಮ ಲೆಕ್ಕವೇ ಮಾತಾಡ್ತು. ಎಲ್ಲರೂ ಪರದೆ ನೋಡ್ತಿದ್ದ ಹಾಗೇ ಬಗೆಹರಿದ ದೂರು ಇನ್ನೊಂದು ಏರಿತು ನೋಡಿ, ಚಪ್ಪಾಳೆ ಹೊಡೆದ್ಬಿಟ್ರು. ನಿಮ್ಮ ಕೆಲಸ ಕಾಯಂ. ಅದ್ಸರಿ, ಯಾಕೆ ಬರ್ಲಿಲ್ಲ? ನೆಟ್ ಏನಾದ್ರೂ ತೊಂದರೆನಾ? ಯಾರನ್ನಾದ್ರೂ ಕಳಿಸ್ಲಾ?"

ಸೊಸೆ ಕೆಂಪು ದೀಪವನ್ನು ನೋಡಿದಳು. ಆಮೇಲೆ ಅತ್ತೆಯನ್ನು ನೋಡಿದಳು.

"ಏನೂ ಬೇಡ ಸಾರ್," ಎಂದಳು, "ನೀವು ಕೇಳಿದ್ದೇ ಸಾಕು."