ಟಾರ್ಚ್ ಹಾಕಬೇಡ

ಹೊರಗೆ ಸುಡುವ ಮಧ್ಯಾಹ್ನ, ಗವಿಯೊಳಗೆ ಮಾತ್ರ ಗವ್ವೆನ್ನುವ ಕತ್ತಲು. ಬಾವಲಿಗಳ ಅಧ್ಯಯನಕ್ಕೆ ಬಂದ ವಿದ್ಯಾರ್ಥಿನಿ ಒಳಗೆ ಒಬ್ಬಳೇ ಕೂತಿದ್ದಳು. ಎದುರಿಗೆ ಅವಳತ್ತಲೇ ತಿರುಗಿದ್ದ ಕ್ಯಾಮೆರಾ. ಅದಕ್ಕೆ ಅವತ್ತೇ ಜೋಡಿಸಿದ್ದ, ಕತ್ತಲಲ್ಲಿ ಕಾಣಿಸುವ ದುಬಾರಿ ಹೊಸ ಟ್ಯೂಬು ಚೂರುಪಾರು ಬೆಳಕನ್ನೂ ಸಾವಿರಪಟ್ಟು ಹಿಗ್ಗಿಸಿ, ಹೊರಗಿದ್ದ ಪ್ರೊಫೆಸರರ ಪರದೆಯಲ್ಲಿ ಎಲ್ಲವನ್ನೂ ತೋರಿಸುತ್ತಿತ್ತು.

ಅವಳ ಬೆನ್ನ ಹಿಂದೆ ಏನೋ ಮೂಸಿತು.

"ಸರ್," ವಾಕಿಟಾಕಿಯಲ್ಲಿ ಪಿಸುಗುಟ್ಟಿದಳು, "ಹಿಂದೆ ಏನೋ ಇದೆ. ಟಾರ್ಚ್ ಹಾಕ್ಲಾ?"

"ಬೇಡ! ಬಾವಲಿ ಕಣಮ್ಮ ಅದು. ಅಲ್ಲಾಡದೆ ಕೂತಿರು."

ಬಿಸಿಯುಸಿರು ಕತ್ತಿಗೆ ತಾಗಿತು.

"ಸರ್, ಕುತ್ತಿಗೆ ಹತ್ರಾನೇ ಬಂತು. ಒಂದೇ ಒಂದ್ಸಲ ಹಾಕ್ತೀನಿ..."

"ನಿನ್ನ ದಮ್ಮಯ್ಯ, ಹಾಕ್ಬೇಡ!" ಪ್ರೊಫೆಸರ್ ಅಂಗಲಾಚಿದರು.

ಸ್ವಲ್ಪ ಹೊತ್ತಿಗೆ ಉಸಿರು ದೂರವಾಯಿತು. ತೆವಳಿಕೊಂಡು ಹೊರಬಂದವಳು ಪರದೆ ನೋಡಿದಳು. ಅವಳು ಕೂತಿದ್ದ ಜಾಗವನ್ನೇ ಮೂಸುತ್ತ ಕರಡಿಯೊಂದು ನಿಂತಿತ್ತು.

"ಕರಡಿ ಅಂದಿದ್ರೆ ನಾನು ಟಾರ್ಚ್ ಹಾಕಿಬಿಡ್ತಿದ್ದೆ. ಅದು ಮೈಮೇಲೆ ಬೀಳ್ತಿತ್ತು. ನನ್ನ ಜೀವ ಉಳಿಸಿದ್ರಿ ಸರ್," ಎಂದು ಅತ್ತು ಅವರ ಕಾಲು ಹಿಡಿದಳು.

ಪ್ರೊಫೆಸರ್ ಹಣೆಯ ಬೆವರು ಒರೆಸಿಕೊಂಡರು.

"ಹಾಕಿದ್ದಿದ್ರೆ ಆ ಬೆಳಕಿಗೆ ಟ್ಯೂಬ್ ಸುಟ್ಟೇ ಹೋಗ್ತಿತ್ತಲ್ಲಮ್ಮ!"