ಹದಿನೇಳನೆಯ ಮೂಳೆ

ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಂತೆ, ಕಲ್ಲಿನಲ್ಲಿ ಹುದುಗಿದ್ದ ಪುರಾತನ ಪ್ರಾಣಿಯ ಕತ್ತಿನ ಹದಿನೇಳನೆಯ ಮೂಳೆಯ ಕಪ್ಪು ಬಣ್ಣ ಥರ್ಜಾಳ ಬೆರಳಿಗೆ ಹತ್ತಿತು. ಕೆಳಗೆ ಬಿಳಿ ಗಾರೆ, ಗಾರೆಯ ಮೇಲೆ ಅಣ್ಣ ಓಬೆಡ್‌ನ ಹೆಬ್ಬೆರಳಿನ ಗುರುತು. ‘ಒಂದು ಮೂಳೇನೂ ಬಿಟ್ಟಿಲ್ಲ ಕಣೇ’ ಎಂದಿದ್ದನಲ್ಲ! ಇದೇ ಪ್ರಾಣಿಯ ಬಾಲವನ್ನು ಕಲ್ಲಿನಿಂದ ಬಿಡಿಸಲು ಹೋಗಿ, ಡಾರ್ಸೆಟ್ ಕಡಲ ದಂಡೆಯ ಬಂಡೆ ಕುಸಿದು ಅವನು ಸತ್ತು ಇನ್ನೂ ತಿಂಗಳಾಗಿರಲಿಲ್ಲ. ಅವಳು ಗುರುತಿನ ಮೇಲೆ ಅಂಗೈ ಇಟ್ಟಳು.

“ಇದೇನಮ್ಮ, ಪ್ರಾಣೀನೋ, ಆಮೆಗೆ ಹಾವು ಹೊಲಿದಿದ್ದೋ?” ಪ್ರಾಣಿಯನ್ನು ಪರೀಕ್ಷಿಸಿ ಹೆಸರಿಡಲು ಲಂಡನ್ನಿನಿಂದ ಬಂದಿದ್ದ ಡಾಕ್ಟರ್ ಫೆನ್ವಿಕ್ ತಲೆಬುರುಡೆಯ ಮೇಲೆ ಬಾಗಿದ್ದರು. “ಇಷ್ಟುದ್ದ ಕತ್ತು ನಾನೆಲ್ಲೂ ಕಂಡಿಲ್ಲ. ಒಂದೇ ಒಂದು ಸುಳ್ಳು ಮೂಳೆ ಸಿಕ್ಕಿದ್ರೂ ಇದಕ್ಕೆ ಹೆಸರಿಡಲ್ಲ. ನಿಮ್ಮಣ್ಣ ಮೋಸಗಾರ ಅಂತಾನೇ ಬರೀತೀನಿ.”

“ಹೊಲಿಗೆ ನಮ್ಮನೇಲಿ ಯಾರಿಗೂ ಬರಲ್ಲ ಸಾಹೇಬ್ರೇ. ನನ್ನ ಲಂಗ ನೋಡಿದ್ರೇ ಗೊತ್ತಾಗುತ್ತೆ.”

ಅವರು ಒಂದೊಂದೇ ಮೂಳೆ ಮುಟ್ಟಿ, ಬರೆದುಕೊಳ್ಳುತ್ತಾ ಬಂದರು. “ಹದಿನೈದು, ಹದಿನಾರು. ಹದಿನೇಳನ್ನ ನೀವು ಒರೆಸಿದ್ರಲ್ಲ, ಸರಿಯಿದೆ ತಾನೆ?” ಎಂದು ತಲೆಯೆತ್ತದೆ ಲೇಖನಿಯನ್ನು ಮಸಿಯಲ್ಲಿ ಅದ್ದಿದರು.

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಥರ್ಜಾ ಅಂಗೈ ಎತ್ತಿದಳು. “ಇಲ್ಲ ಸಾಹೇಬ್ರೇ. ಇದು ಗಾರೆ. ಇಲ್ಲಿ ಮೂಳೆ ಸಿಕ್ಕಿರಲಿಕ್ಕಿಲ್ಲ, ನಮ್ಮಣ್ಣ ತುಂಬಿದ್ದಾನೆ. ನಂಗೂ ಈಗ್ಲೇ ಗೊತ್ತಾಗಿದ್ದು.”

ಫೆನ್ವಿಕ್ ಆ ಹೆಬ್ಬೆರಳಿನ ಗುರುತನ್ನು ಬಹಳ ಹೊತ್ತು ನೋಡಿದರು. ಹದಿನೇಳರ ಮುಂದೆ ‘ಖಾಲಿ’ ಎಂದು ಬರೆದರು. ಆಮೇಲೆ ಕಲ್ಲಿನಿಂದ ದೂರ ಸರಿದು ಸ್ಟೂಲಿನ ಮೇಲೆ ಕೂತರು.

“ಉಳಿದಿದ್ದನ್ನ ನೀವೇ ನೋಡಿ ಹೇಳಮ್ಮ,” ಎಂದರು. “ನಾನು ಬರ್ಕೊಳ್ತೀನಿ.”