ಎರಡು ಬಡಿತಗಳ ನಡುವೆ

ಗಾಜಿನ ತಟ್ಟೆಯಲ್ಲಿದ್ದ ಜೆಲ್ ಮಿಸುಕುವುದನ್ನು ನಿಲ್ಲಿಸಿತು. ಕಲಾ ಐದು ನಿಮಿಷ ಕಾದಳು. ಮುಗಿಯಿತು ಎಂದು ದ್ರಾವಣವನ್ನು ಬಾಟಲಿಗೆ ಸುರಿಯಲು ತಟ್ಟೆ ಎತ್ತಿದಳು. ಪಕ್ಕದ ಮನೆಯ ಪೆರುಮಾಳ್ ಅವಳ ಮಣಿಕಟ್ಟು ಹಿಡಿದ.

"ಇರಮ್ಮ ಕಣ್ಣು. ಇನ್ನೊಂದು ಸ್ವಲ್ಪ ಕಾಯನ."

ಐದು ವರ್ಷದಿಂದ ಬೆಂಗಳೂರಿನ ಲ್ಯಾಬಿನಲ್ಲಿ ಅದೇನು ಮಾಡುತ್ತೀಯೆಂದು ತಾಯಿ ಆದಿಲಕ್ಷ್ಮಮ್ಮ ಕೇಳಿ ಕೇಳಿ ಸಾಕಾಗಿ, ಕಲಾ ಈ ಸಲ ಅದನ್ನೇ ಉರಿಗಾಂನ ಚಿನ್ನದ ಗಣಿ ಕೆಲಸಗಾರರ ಲೈನ್ ಮನೆಗೆ ಹೊತ್ತು ತಂದಿದ್ದಳು. ಹುಣಸೆಬೀಜದಷ್ಟು ಮೆತ್ತನೆ ತುಂಡು. ದ್ರಾವಣದಲ್ಲಿ ಬಿಟ್ಟರೆ ಉಬ್ಬಿ ಹಸಿರಾಗುತ್ತದೆ, ಕುಗ್ಗಿ ಕಿತ್ತಳೆಯಾಗುತ್ತದೆ, ಮತ್ತೆ ಉಬ್ಬುತ್ತದೆ. ವೈರಿಲ್ಲ, ಬ್ಯಾಟರಿಯಿಲ್ಲ, ಒಳಗಿನ ರಾಸಾಯನಿಕ ಕ್ರಿಯೆಯೇ ಅದನ್ನು ಆಡಿಸುತ್ತದೆ. ಇಂಥದ್ದು ಆಗಲೇ ಸಿಕ್ಕಿದ್ದಿದ್ದರೆ ಗಣಿಯವರು ನಮ್ಮನ್ನು ಕೆಲಸಕ್ಕೇ ಸೇರಿಸುತ್ತಿರಲಿಲ್ಲ ಎಂದು ಪೆರುಮಾಳ್ ಬೆಳಿಗ್ಗೆ ನಕ್ಕಿದ್ದ.

ಅದು ಉಬ್ಬಿ ಕುಗ್ಗುವುದನ್ನು ನೋಡುತ್ತಾ ಇಬ್ಬರು ಹಿರಿಯರೂ ಹಳೆಯ ಕಾಲಕ್ಕೆ ಇಳಿದುಬಿಟ್ಟಿದ್ದರು. ಗಣಿಯ ಸೈರನ್ ಕೂಗಿದರೆ ಸಾಕು, ಲೈನಿನ ಹೆಂಗಸರೆಲ್ಲ ಒಟ್ಟಿಗೇ ಒಲೆಗೆ ಎಸರಿಡುತ್ತಿದ್ದರು. ಶಿಫ್ಟ್ ಮುಗಿಸಿ ಬರುವ ಗಂಡಸರಲ್ಲಿ ಹಲ್ಲು ಬಿಟ್ಟರೆ ಬೇರೇನೂ ಬೆಳ್ಳಗಿರುತ್ತಿರಲಿಲ್ಲ. ಆದಿಲಕ್ಷ್ಮಮ್ಮನ ಗಂಡ ಮುನೀಂದ್ರ ಆಂಡರ್ಸನ್‌ಪೇಟೆಯಿಂದ ಬೆಣ್ಣೆ ಬನ್ನು ಕಟ್ಟಿಸಿಕೊಂಡು ಶಿಳ್ಳೆ ಹಾಕುತ್ತಾ ಬರುತ್ತಿದ್ದ. ಕಲಾಗೆ ಮೂರು ವರ್ಷವಿದ್ದಾಗ ನೆಲದಾಳದಲ್ಲಿ ಬಂಡೆ ಸಿಡಿದು ಅವನು ಸತ್ತ. ಬಂಡೆ ಬಿದ್ದ ಕ್ಷಣವೇ ಜೀವ ಹೋಯಿತು, ಒಂದಿಷ್ಟೂ ನೋಯಲಿಲ್ಲ ಎಂದು ಮೂರನೆಯ ದಿನ ಮೇಲೆ ಬಂದು ಹೇಳಿದವನು ಪೆರುಮಾಳನೇ. ಇಪ್ಪತ್ತೇಳು ವರ್ಷ ಆದಿಲಕ್ಷ್ಮಮ್ಮ ಆ ಒಂದು ಮಾತನ್ನು ಆತುಕೊಂಡೇ ಬದುಕಿದ್ದಳು.

ಹನ್ನೊಂದನೆಯ ನಿಮಿಷಕ್ಕೆ ಜೆಲ್ ಮೆಲ್ಲಗೆ ಉಬ್ಬಿತು. ಹಸಿರಾಯಿತು.

ಕಲಾ ನಾಚಿಕೊಂಡಳು. ದ್ರಾವಣದ ಸತ್ವ ತೀರುತ್ತಾ ಬಂದ ಹಾಗೆ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಹೊತ್ತು ಉದ್ದವಾಗುತ್ತದೆ, ನೋಡುವವರಿಗೆ ನಿಂತೇಹೋದಂತೆ ಕಾಣುತ್ತದೆ, ತಾನೇ ಅವಸರಪಟ್ಟೆ ಎಂದಳು.

"ಹಂಗಾದ್ರೆ ಅದು ನಿಂತಿರಲ್ವಾ?" ಪೆರುಮಾಳ್ ಕೇಳಿದ.

"ಇಲ್ಲ ಮಾಮ. ನಿಧಾನ ಆಗಿರ್ತದೆ, ಅಷ್ಟೆ."

 ಪೆರುಮಾಳ್ ತಲೆ ತಗ್ಗಿಸಿ ಹೇಳತೊಡಗಿದ. ಬಿದ್ದ ಬಂಡೆಯ ಆಚೆಯಿಂದ ಮುನೀಂದ್ರ ಗಾಳಿ ಪೈಪಿಗೆ ಕಲ್ಲಲ್ಲಿ ಬಡಿಯುತ್ತಿದ್ದ. ಮೊದಲ ದಿನ ನಿಮಿಷಕ್ಕೊಂದು ಸಲ. ಎರಡನೆಯ ದಿನ ತಡೆದು ತಡೆದು. ಮೇಲಿರುವ ಹೆಂಗಸರಿಗೆ ಇದು ಗೊತ್ತಾಗಕೂಡದು ಎಂದು ಅಪ್ಪಣೆಯಾಗಿತ್ತು. ಮೂರನೆಯ ದಿನ ಗಣಿಯ ಸಾಹೇಬ ಕೈಗಡಿಯಾರ ನೋಡಿ, ಹತ್ತು ನಿಮಿಷ ಸದ್ದಿಲ್ಲದಿದ್ದರೆ ಎಲ್ಲರೂ ಮೇಲಕ್ಕೆ ನಡೀರಿ ಎಂದ. ಬಂಡೆ ತೆಗೆಯುತ್ತಿದ್ದವರೆಲ್ಲ ಪೈಪಿಗೆ ಕಿವಿಯಿಟ್ಟು ಕೂತರು. ಹತ್ತು ನಿಮಿಷವಾಯಿತು. ಎದ್ದರು.

"ನಾನು ಕೊನೇಗಿದ್ದೆ ತಂಗಚ್ಚಿ. ತಿರುಗ್ಬೇಕಾದ್ರೆ ಕೇಳಿಸ್ತು. ಒಂದೇ ಒಂದು, ಟಕ್ ಅಂತ."

"ಸಾಹೇಬನಿಗೆ ಹೇಳ್ಲಿಲ್ವಾ?" ಆದಿಲಕ್ಷ್ಮಮ್ಮ ಕೇಳಿದಳು.

"ಇಲ್ಲ. ಮೇಲಿನ ಬಂಡೆ ಉದುರ್ತಾ ಇತ್ತು. ನಂಗೂ ಎಂಡ್ತಿ ಮಕ್ಳು ಇದ್ರು. ಬಂಡೆ ಸದ್ದೇ ಇರ್ಬೇಕು ಅಂದ್ಕೊಂಡೆ. ಇಷ್ಟು ವರ್ಷ ಹಂಗೇ ಅಂದ್ಕೊಂಡಿದ್ದೆ."

ಕಲಾ ತಾಯಿಯ ಭುಜ ಹಿಡಿದುಕೊಂಡಳು. ಬೈಗುಳ ಬೀಳಲಿ ಎಂದು ಕಾಯುವವನಂತೆ ಪೆರುಮಾಳ್ ಕುಗ್ಗಿ ಕೂತಿದ್ದ. ಆದಿಲಕ್ಷ್ಮಮ್ಮ ಬೈಯಲಿಲ್ಲ, ಅಳಲೂ ಇಲ್ಲ.

"ಮೂರು ದಿನಾನೂ ನಾನು ಗಣಿ ಶಾಫ್ಟ್ ಬಾಯಲ್ಲೇ ನಿಂತಿದ್ದೆ ಕಣಣ್ಣ," ಎಂದಳು. "ಕಾಯಕ್ಕೆ ನಿಮ್ಗೆಲ್ಲ ಹೊತ್ತಿಲ್ದಿದ್ರೆ, ನನ್ನ ಇಳಿಸ್ಬೇಕಿತ್ತು."